ಹೊಲಿಗೆ ಇಲ್ಲದ ಹೂವು

ಮನೆಯಿಂದ, ಹಿತ್ತಲ ಮೆಟ್ಟಿಲ ಮೇಲೆ ಕೂತು
ಮಾರ್ಚ್ ೯, ಸೋಮವಾರ

ನಮ್ಮ ಮನೆಯ ಹೈಕಮಾಂಡಿಗೆ, ನಿನ್ನ ದರ್ಜಿಯ ಅಡ್ಡಬಿದ್ದ ನಮಸ್ಕಾರ. (ಅಡ್ಡಬಿದ್ದರೆ ಏಳೋದು ಕಷ್ಟ, ಅದಕ್ಕೇ ಕೂತಲ್ಲಿಂದಲೇ.)

ನಿನ್ನ ಮಂಡಿ ಹೇಗಿದೆ? ನಿಮ್ಮಕ್ಕನ ಸೊಂಟದ ಮೂಳೆ ಕೂಡಿಕೊಂಡು, ಕೋಲು ಹಿಡಿದು ಓಡಾಡ್ತಿದ್ದಾರೆ ಅಂತ ಬರೆದಿದ್ದೀಯ, ಸಂತೋಷ. ಕೈಗೆ ಕೋಲು ಬಂದಿದೆ ಅಂದ್ರೆ ನಿಮ್ಮ ಭಾವ ಹುಷಾರಾಗಿರಲಿ. ಬೇಸಿಗೆ ಮುಗಿಯೋವರೆಗೂ ಅಕ್ಕನ ಮನೇಲೇ ಇರಲಾ ಅಂತ ಕೇಳಿದ್ದೀಯ. ಇರು, ಧಾರಾಳವಾಗಿ ಇರು. ನಾನಿಲ್ಲಿ ರಾಜ. ಪ್ರಜೆ ಮಾತ್ರ ಒಬ್ಬನೇ, ಗೇಟಿನ ಪಕ್ಕದ ನಿನ್ನ ಗಿಡ, ಕುಳ್ಳಪ್ಪ.

ಅವನ ಸೇವೆಯಲ್ಲೇ ಸವೆದುಹೋದೆ ಕಣೇ. ನಲ್ಲಿ ನೀರು ಅವನಿಗೆ ಆಗಲ್ಲ, ಎಲೆ ಹಳದಿ ಮಾಡಿಕೊಳ್ತಾನೆ. ಪೀಪಾಯಿಯಲ್ಲಿ ಹಿಡಿದಿಟ್ಟ ಮಳೆನೀರನ್ನೇ ಚೆಂಬು ಚೆಂಬಾಗಿ ಹೊತ್ತು ಹಾಕ್ತೀನಿ. ಬೇರು ಕೂದಲೆಳೆ ಥರ ಮೇಲ್ಮೇಲೇ ಇರುತ್ತೆ, ಕೆದಕಬೇಡಿ ಅಂತ ನೀನು ಅಂದಿದ್ದೆ. ಕೆದಕಿಲ್ಲ, ತರಗೆಲೆ ಹೊದಿಸಿದ್ದೀನಿ. ನನ್ನ ಹೊದಿಕೆ ಸರಿಮಾಡೋರಿಲ್ಲ, ಅವನಿಗಿದ್ದಾರೆ. ಮೊಣಕಾಲುದ್ದದ ಆಸಾಮಿ; ಅವನು ಸದಾ ಹಸಿರು, ನಾನು ಸದಾ ಏದುಸಿರು.

ಒಂದೇ ಒಂದು ಆಜ್ಞೆ ಮೀರಿದ್ದೀನಿ. ಚಳಿ ಬಿದ್ದ ಕೂಡಲೇ ನೀನು ಪ್ರತಿವರ್ಷ "ಶಿಸ್ತಾಗಿರಬೇಕು" ಅಂತ ಅವನ ತಲೆಯನ್ನ ಗುಂಡಗೆ ಕತ್ತರಿಸ್ತಿದ್ದೆಯಲ್ಲ, ಈ ಸಲ ನನ್ನ ಕೈಲಾಗಲಿಲ್ಲ. ಬಗ್ಗಿದರೆ ಕಣ್ಣಿಗೆ ಕತ್ತಲೆ ಕವಿಯುತ್ತೆ. ಹಾಗೇ ಬಿಟ್ಟೆ. ನಾನು ಬಿಟ್ಟೆ, ಅವನೂ ಬಿಟ್ಟ! ಮೈತುಂಬ ಹೂವು, ಎಲೆಯೇ ಕಾಣದ ಹಾಗೆ. ಸಸಿ ಕೊಟ್ಟ ನರ್ಸರಿಯವನು ದಾರಿಯಲ್ಲಿ ಹೋಗ್ತಾ ನಿಂತು ನಕ್ಕ: "ಅಜ್ಜಾ, ಮೊಗ್ಗು ಚಳಿಗೆ ಮುಂಚೆನೇ ಕೂತಿರುತ್ತೆ. ಆಗ ಕತ್ತರಿಸಿದ್ರೆ ಹೂವನ್ನೇ ಕತ್ತರಿಸಿದ ಹಾಗೆ. ಹೂ ಉದುರಿದ್ಮೇಲೆ ಕತ್ತರಿ ಹಾಕಿ." ಇಷ್ಟು ವರ್ಷ ಹೂ ಬಿಡದ ಕುಳ್ಳಪ್ಪನನ್ನ ನಾನು ಸೋಮಾರಿ ಅಂತ ಬೈದೆ. ನೋಡು, ನನ್ನ ಸೋಮಾರಿತನಕ್ಕೇ ಹೂ ಬಂತು.

ಆದ್ರೆ ಯಾರೂ ನಂಬ್ತಿಲ್ಲ. ಹೋದ ವರ್ಷ ಚೂರುಬಟ್ಟೆಯಲ್ಲಿ ಹೂ ಹೊಲಿದು ಅವನಿಗೆ ಕಟ್ಟಿ ನಿನ್ನನ್ನ ಬೇಸ್ತು ಬೀಳಿಸಿದ್ದೆ, ನೀನು ಬೀದಿಯವರನ್ನೆಲ್ಲ ಕರೆದು ತೋರಿಸಿದ್ದೆ. ಈಗ ಎದುರುಮನೆಯಾಕೆ ಗೇಟಿನಾಚೆಯಿಂದಲೇ "ಈ ಸಲ ರೇಷ್ಮೇನಾ, ಮಾಸ್ಟ್ರೇ?" ಅಂತ ಕೇಳಿ ಹೋಗ್ತಾಳೆ. ನಗೋಕೂ ಸುಸ್ತು.

ನಿನ್ನ ಮಂಡಿಗೆ ಬಲ ಬರಲಿ. ನಿಮ್ಮಕ್ಕನಿಗೆ ನಮಸ್ಕಾರ, ಭಾವನವರ ಬೆನ್ನಿಗೆ ನನ್ನ ಸಹಾನುಭೂತಿ.

ನಿನ್ನ
ಹರಕುಬಾಯಿ ದರ್ಜಿ

ತಾ.ಕ.: ಲಕೋಟೆಯಲ್ಲಿ ಒಂದು ಹೂ ಇಟ್ಟಿದ್ದೀನಿ. ಹೊಲಿಗೆ ಹುಡುಕು, ಸಿಗಲ್ಲ. ಮೇಲೆ "ಇರು" ಅಂತ ಬರೆದೆನಲ್ಲ, ಅದು ಬಟ್ಟೆ ಹೂವು. ನನ್ನಿಂದ ಆಗ್ತಿಲ್ಲ ಕಣೇ, ಇದು ತಮಾಷೆಯಲ್ಲ. ಹೂ ಉದುರೋದರೊಳಗೆ ಬಾ. ನಿನ್ನ ಕತ್ತರಿಗೆ ಎಣ್ಣೆ ಹಾಕಿಟ್ಟಿದ್ದೀನಿ.