ಗುರುತು ಸಿಗದವರ ಊಟಕ್ಕೆ ಬೀಗ

ಸ್ಮಶಾನಗಳ ಮೇಲ್ವಿಚಾರಣೆ ಹೊತ್ತಿರುವ ಮಾನ್ಯರೇ,

ಹಲಸೂರಿನಾಚೆಯ ನಮ್ಮ ಸ್ಮಶಾನದ ಗೇಟಿಗೆ ತಾವು ಅಂಟಿಸಿರುವ ನೋಟೀಸನ್ನು ನಿಂತು ಎರಡು ಸಲ ಓದಿದೆ. ಶಿವರಾತ್ರಿ ಕಳೆದ ಅಮಾವಾಸ್ಯೆಗೆ ಅಲ್ಲಿ ನಡೆಯುವ ಮಯಾನ ಕೊಳ್ಳೆ, ಅಂದರೆ ಮಸಣ ಸೂರೆಯ ಹಬ್ಬದಲ್ಲಿ ಈ ವರ್ಷದಿಂದ ನೆಲಕ್ಕೆ ಅನ್ನ ಎರಚುವಂತಿಲ್ಲ. ಒಳಗೆ ಬರುವವರು ಅಲ್ಲಿ ಮಲಗಿರುವ ತಮ್ಮ ಸಂಬಂಧಿಕರ ಮರಣ ಪ್ರಮಾಣಪತ್ರ ತೋರಿಸಬೇಕು. ಕಾರಣ, ನೈರ್ಮಲ್ಯ ಮತ್ತು ಆಹಾರದ ಅಪವ್ಯಯ. ಆಹಾ! ಬದುಕಿದ್ದಾಗ ರೇಷನ್ ಕಾರ್ಡು, ಸತ್ತ ಮೇಲೆ ಪ್ರಮಾಣಪತ್ರ. ತುತ್ತಿಗೂ ಕಾಗದ ಕೇಳುವ ತಮ್ಮ ಶಿಸ್ತಿಗೆ ಕೈಮುಗಿಯುತ್ತೇನೆ. ಆದರೆ ಆ ಊಟ ಯಾರಿಗೆ ಎಂದು ತಮ್ಮ ಕಚೇರಿಯಲ್ಲಿ ಒಬ್ಬರಾದರೂ ವಿಚಾರಿಸಿದ್ದಾರೆಯೇ?

ನಾನು ಹುಟ್ಟಿನಿಂದ ಈ ಹಬ್ಬದವನಲ್ಲ. ಗುಲಬರ್ಗಾ ಕಡೆಯವನು, ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಹಬ್ಬದ ಅರ್ಥ ತಿಳಿಸಿದವರು ಅಲ್ಲಿ ಗುಂಡಿ ತೋಡುವ ಸಂಜೀವಪ್ಪನವರು. ಬ್ರಹ್ಮನ ತಲೆ ತೆಗೆದ ಶಿವನ ಅಂಗೈಗೆ ಆ ಬುರುಡೆ ಕಚ್ಚಿಕೊಂಡಿತಂತೆ. ಶಿವನಿಗೆ ಬಿದ್ದ ಭಿಕ್ಷೆಯನ್ನೆಲ್ಲ ಅದೇ ತಿಂದು, ಅವನು ಹಸಿದು ಮಸಣ ಮಸಣ ಅಲೆದನಂತೆ. ಕೊನೆಗೆ ಪಾರ್ವತಿಯೇ ಅಂಗಾಳಮ್ಮನಾಗಿ ಬಂದು ಅಡುಗೆ ಮಾಡಿ, ಎರಡು ತುತ್ತು ಬುರುಡೆಗೆ ಹಾಕಿ, ಮೂರನೆಯದನ್ನು ನೆಲದ ತುಂಬ ಎರಚಿದಳು. ರುಚಿ ಹತ್ತಿದ ಬುರುಡೆ ಕೈಬಿಟ್ಟು ಕೆಳಗಿಳಿಯಿತು, ತಾಯಿ ತುಳಿದಳು. ಅದಕ್ಕೇ ಸಂಜೀವಪ್ಪನವರು ಪ್ರತಿವರ್ಷ ಅಲ್ಲಿನ ಬೂದಿ ಮಣ್ಣಿನಲ್ಲಿ ಮಲಗಿದ ತಾಯಿಯ ಮೂರ್ತಿ ಮಾಡುತ್ತಾರೆ, ಜನ ಬೇಯಿಸಿದ ಕಾಳು, ಅನ್ನ ತಂದು ಎರಚುತ್ತಾರೆ. ಯಾರ ಪಾಲು ಯಾರಿಗೆ ಎಂದು ಆ ದಿನ ಯಾರೂ ಕೇಳುವುದಿಲ್ಲ. ಅನಾಥ ಹೆಣಗಳ ಸಾಲಿಗೂ ಅಂದು ಊಟ ಸಿಗುತ್ತದೆ, ಅವರಿಗೆ ವರ್ಷಕ್ಕೆ ಅದೊಂದೇ ಊಟ. "ನಮ್ಮಪ್ಪನ ಕಾಲ್ದಲ್ಲಿ ಒಂದ್ ವರ್ಷ ನಿಲ್ಲಿಸ್ಬಿಟ್ರು ಸಾರ್," ಎಂದರು ಸಂಜೀವಪ್ಪನವರು, ಹಾರೆ ಒರೆಸುತ್ತಾ. "ಏನೂ ಆಗ್ಲಿಲ್ಲ ಅಂದ್ರು ಎಲ್ರೂ. ಆದ್ರೆ ಆ ವರ್ಷ ಗುಂಡಿ ತೋಡಿ ತೋಡಿ ನಮ್ಮಪ್ಪಂಗೆ ಪುರ್ಸೊತ್ತೇ ಸಿಗ್ಲಿಲ್ಲ. ನಾನ್ ಹೆದ್ರಿಸ್ತಿಲ್ಲ ಸಾರ್. ನೀವು ಹೋಗ್ಬಿಡ್ತೀರ, ನಾನ್ ಇಲ್ಲೇ ಇರ್ಬೇಕಲ್ವಾ?" ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

ಇದೆಲ್ಲ ಮೂಢನಂಬಿಕೆ ಎನ್ನುತ್ತೀರಿ. ಇರಲಿ ಬಿಡಿ. ನನ್ನ ಅಂಗೈಗೆ ಅಂಟಿರುವುದರ ಕಥೆ ಕೇಳಿ.

ನನ್ನ ತಮ್ಮ ಅಂಬಣ್ಣ ರಸೆಲ್ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. 1999ರಲ್ಲಿ ಒಂದು ದಿನ ಕೆಲಸಕ್ಕೆ ಹೋದವನು ರೂಮಿಗೆ ಬರಲಿಲ್ಲ. ಊರಿನಿಂದ ಅವ್ವ ಸಾಬಮ್ಮ ಬಂದಳು. ಮೂರು ದಿನ ಒಂದು ತುತ್ತು ಬಾಯಿಗಿಡಲಿಲ್ಲ. ನಾಲ್ಕನೆಯ ದಿನ ಪೊಲೀಸರು ನಮ್ಮನ್ನು ಶವಾಗಾರಕ್ಕೆ ಕರೆದರು. ಅವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ಲಾರಿ ಹೊಡೆದ ದೇಹ, ಮುಖ ಉಳಿದಿರಲಿಲ್ಲ. ಆದರೆ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಹೊಲದಲ್ಲಿ ಕುಂಟೆ ಕಾಲ ಮೇಲೆ ಬಿದ್ದು ಹೋದ ಉಗುರು ಅದು. ಅಂದು ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದವನು ನಾನೇ. ಗುರುತು ಸಿಗದಿರಲು ಸಾಧ್ಯವೇ? ಬಾಗಿಲ ಸಂದಿಯಲ್ಲಿ ಅವ್ವನ ಸೀರೆಯ ಅಂಚು ಕಾಣುತ್ತಿತ್ತು. "ಇಂವ ನಮ್ಮಾಂವ ಅಲ್ರೀ" ಎಂದೆ. ಬರೆದುಕೊಡಿ ಎಂದರು, ಬರೆದು ಸಹಿ ಹಾಕಿದೆ. ಹೊರಗೆ ಬಂದಾಗ ಅವ್ವ ನನ್ನ ಗದ್ದ ಹಿಡಿದು, "ಅಲ್ಲಂದ್ಯಾ? ದೇವ್ರು ದೊಡ್ಡಾಂವ ಹಾನ. ಒಂದೀಟು ಚಾ ತರ್ಸಪ್ಪ, ಹೊಟ್ಟಿ ಹಸ್ದದ" ಎಂದಳು. ಚಹಾದಲ್ಲಿ ಬನ್ನು ಅದ್ದಿ ತಿಂದಳು. ಒಂದು ಸಹಿಯಲ್ಲಿ ಅವ್ವನಿಗೆ ಉಣ್ಣಿಸಿದೆ, ತಮ್ಮನನ್ನು ಉಪವಾಸ ಕೆಡವಿದೆ. ಪಾಪಿ ನಾನು.

ಅಂಬಣ್ಣ ಅನಾಥ ಹೆಣವಾಗಿ ತಮ್ಮ ಸ್ಮಶಾನದ ಹಿಂದಿನ ಗೋಡೆಯ ಪಕ್ಕದ ಸಾಲಿಗೆ ಹೋದ. ನಂಬರಿನ ಹಲಗೆಗಳನ್ನು ಗೆದ್ದಲು ತಿಂದಿದೆ, ಯಾವ ದಿಬ್ಬ ಅವನದೆಂದು ಸಂಜೀವಪ್ಪನವರಿಗೂ ಗೊತ್ತಿಲ್ಲ. ಹೀಗಿರುವಾಗ ನಾನು ಎಲೆ ಹಾಕಿ ಬಡಿಸುವುದು ಎಲ್ಲಿ, ಹೇಳಿ? ಎರಚದೆ ಬೇರೆ ದಾರಿಯೇ ಇಲ್ಲ. ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಪ್ರತಿ ಸಂಜೆ ಅಂಬಣ್ಣ ಬಂದಾನೆಂದು ಒಂದು ಜೋಳದ ರೊಟ್ಟಿ ತೆಗೆದಿಡುತ್ತಾಳೆ. ನಾಲ್ಕು ವರ್ಷದಿಂದ ಅಮಾವಾಸ್ಯೆಯ ದಿನ ಆ ರೊಟ್ಟಿಯನ್ನು ಕದ್ದೊಯ್ದು, ಚೂರು ಮಾಡಿ, ಸಾಲಿನುದ್ದಕ್ಕೂ ಎರಚಿ ಬರುತ್ತಿದ್ದೇನೆ. ತಾವು ಅಪವ್ಯಯ ಎನ್ನುವುದು ಇದನ್ನೇ.

ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರ ಅಚ್ಚಾದರೆ ಯಾರಾದರೂ ಅವ್ವನಿಗೆ ಓದಿ ಹೇಳುತ್ತಾರೆಂದು ಗೊತ್ತಿತ್ತು. ಹಾಗಾಗಿ ನಿನ್ನೆ ಬೆಳಿಗ್ಗೆ ನಾನೇ ಶವಾಗಾರದ ಸಂಗತಿ ಹೇಳಿದೆ. ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆ ಆರಿಸಿ, "ಇಷ್ಟು ವರ್ಷ ಅವ್ನಿಗಿ ಯಾರ್ ಉಣ್ಸ್ಯಾರೋ?" ಎಂದಳು.

"ನಾನೇ ಯವ್ವಾ. ವರ್ಷಕ್ಕೊಮ್ಮಿ."

"ಈ ವರ್ಷ?"

ಆ ಪ್ರಶ್ನೆಯನ್ನು ತಮಗೇ ಒಪ್ಪಿಸುತ್ತಿದ್ದೇನೆ. ತಮ್ಮ ಬಳಿ ಉತ್ತರ ಇದೆಯೇ?

ಆದ್ದರಿಂದ ಕೇಳುತ್ತಿದ್ದೇನೆ: ಆ ನೋಟೀಸು ಕೀಳಿಸಿ, ಅಮಾವಾಸ್ಯೆಯ ದಿನ ಗೇಟು ತೆರೆಸಿ. ನನ್ನ ಹಳೆಯ ಸಹಿ ಸುಳ್ಳೆಂದು ಇಲ್ಲಿ ಬರೆದುಕೊಟ್ಟಿದ್ದೇನೆ. ಅದಕ್ಕೆ ಏನು ಶಿಕ್ಷೆಯೋ ಕೊಡಿ, ಅಂಬಣ್ಣನ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿ. ಅವ್ವ ಇಂದು ರೊಟ್ಟಿ ತಟ್ಟುವುದನ್ನು ನಿಲ್ಲಿಸಿಲ್ಲ. ಆ ಇಡೀ ಸಾಲಿಗೆ ಸಾಲಬೇಕು ಎನ್ನುತ್ತಾಳೆ, ಬೇರೆ ಮಾತಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಬುಟ್ಟಿ ಹಿಡಿದು ಗೇಟಿನ ಮುಂದೆ ಕೂರುತ್ತಾಳೆ. ಪ್ರಮಾಣಪತ್ರ ಕೇಳಲು ಕಾವಲುಗಾರನನ್ನು ಕಳಿಸಬೇಡಿ. ತಾವೇ ಬಂದು ಕೇಳಿ.

ಇಂತಿ,
ತಮ್ಮನನ್ನು ತಮ್ಮನಲ್ಲ ಎಂದು ಬರೆದುಕೊಟ್ಟ ಅಣ್ಣ,
ಭೀಮಾಶಂಕರ
ಗರುಡಾಚಾರ್‌ಪಾಳ್ಯ, ಫೆಬ್ರವರಿ 2004