ಎರೆಭೂತವನ್ನು ಕಂಡವರು ಕೂರತಕ್ಕದ್ದು

ಗಾಳಿಶಕ ೧೧೮, ಧೂಳಿಮಾಸದ ಮೂವತ್ತನಾಲ್ಕನೆಯ ದಿನ
ಬನ್ನಿಕಾವಲು, ಕರಿಮರಳು ಸೀಮೆ

ನಮಗಿಂತ ಇನ್ನೂರ ಅರವತ್ತು ವರುಷ ಮುಂಚೆ ಬಾಳುತ್ತಿರುವ, ಕನ್ನಡ ಓದಬಲ್ಲ ಸಮಸ್ತ ಮಹಾಜನರ ಸನ್ನಿಧಾನಕ್ಕೆ,

ಬನ್ನಿಕಾವಲಿನ ಅರ್ಜಿ ಬರೆಯುವ ಗಾದಿಲಿಂಗಪ್ಪನು ಮಾಡಿಕೊಳ್ಳುವ ಬಿನ್ನಹ.

ವಿಷಯ: ಎರೆಭೂತವೆಂಬ ಪಕ್ಷಿಯು ಬದುಕಿರುವ ಬಗ್ಗೆ, ಮತ್ತು ತಮ್ಮಿಂದ ಆಗಬೇಕಾದ ಒಂದು ಕೆಲಸದ ಬಗ್ಗೆ.

ಮೇಲ್ಕಂಡ ತಾರೀಖು ತಮ್ಮ ಪಂಚಾಂಗದಲ್ಲಿ ಸಿಗಲಾರದು, ಕ್ಷಮೆಯಿರಲಿ. ಮುಂಗಾರು ತಡವಾಗಿ ಬರುವುದೇ ರೂಢಿಯಾದ ಮೇಲೆ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಮೂರು ಮೂರು ದಿನ ಕಿತ್ತು, ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ಧೂಳಿಮಾಸವೆಂಬ ಹದಿಮೂರನೆಯ ತಿಂಗಳನ್ನು ಕೂಡಿಸಿದರು. ಈ ತಿಂಗಳಲ್ಲಿ ಮದುವೆ ನಿಶ್ಚಯಿಸುವುದಿಲ್ಲ, ಗೋಡೆ ಸಾರಿಸುವುದಿಲ್ಲ. ಹಿನ್ನೋಲೆ ಬರೆಯಬಹುದು. ದೊಡ್ಡದೊಂದು ಗಂಡಾಂತರದಿಂದ ಪಾರಾದವರು ತಮಗೆ ನೆರವಾದ ಗತಕಾಲದವರಿಗೆ ಬರೆಯುವ ಪತ್ರಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ನನ್ನ ಭಾಷೆ ತಮಗೆ ವಿಚಿತ್ರವೆನಿಸಿದರೆ ಅದಕ್ಕೂ ಕಾರಣವಿದೆ. ನಾನು ಅಕ್ಷರ ಕಲಿತದ್ದೇ ತಮ್ಮ ಕಾಲದ ಅರ್ಜಿಗಳ ಒಂದು ಹಳೆಯ ಕಟ್ಟನ್ನು ನಕಲು ಮಾಡಿ. ಈ ಸೀಮೆಯಲ್ಲಿ ‘ಸದರಿ’, ‘ಮೇಲ್ಕಂಡ’, ‘ತಕ್ಕದ್ದು’ ಎಂಬ ಪದಗಳನ್ನು ತಪ್ಪಿಲ್ಲದೆ ಬಳಸಬಲ್ಲವನು ನಾನೊಬ್ಬನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ತಾವು ಬಳ್ಳಾರಿ ಕಡೆಯ ಎರೆನೆಲವೆಂದು ಕರೆಯುವ, ಹತ್ತಿ ಜೋಳ ಬೆಳೆದ ಆ ಕಪ್ಪು ಭೂಮಿಯೇ ಈಗ ನಮ್ಮ ಮರಳುಗಾಡು. ಮಣ್ಣು ಒಣಗಿ, ಪುಡಿಯಾಗಿ, ಗಾಳಿಗೆ ಎದ್ದು ನಡೆಯತೊಡಗಿ ಬಹುಕಾಲವಾಯಿತು. ರೊಟ್ಟಿ ತಟ್ಟುವಾಗ ಬಾಗಿಲಿಗೆ ಒದ್ದೆ ಗೋಣಿ ಇಳಿಬಿಡುತ್ತೇವೆ. ಆದರೂ ಪ್ರತಿ ತುತ್ತಿನಲ್ಲಿ ಮರಳು ಕರಕರ ಎನ್ನುತ್ತದೆ. ಹೀಗಾಗಿ ಬಂದ ನೆಂಟರನ್ನು ‘ಹಲ್ಲು ಆರಾಮ ಅದಾವೇನ್ರಿ?’ ಎಂದು ವಿಚಾರಿಸುವುದು ಇಲ್ಲಿನ ಮರ್ಯಾದೆ. ಊರಿನಲ್ಲಿ ಹದಿನಾಲ್ಕು ಮನೆಗಳಿವೆ. ಮನೆಗೆ ದಿನಕ್ಕೆ ಎಂಟು ಕೊಡ ನೀರು ದೂರದಿಂದ ಕೊಳವೆಯಲ್ಲಿ ಬರುತ್ತದೆ, ಮತ್ತು ಬರುವುದು ಹಕ್ಕಿಯ ದೆಸೆಯಿಂದ.

ನಮ್ಮ ಕಾಯಿದೆಯ ಪ್ರಕಾರ ಮರಳುಸೀಮೆಯ ನೆಲವು ಅಲ್ಲಿ ಮೊಟ್ಟೆಯಿಡುವ ಜೀವಿಗೆ ಸೇರಿದ್ದು. ಅಂಥದಕ್ಕೆ ಒಡೆಹಕ್ಕಿ ಎಂದು ಹೆಸರು. ಒಡೆಹಕ್ಕಿ ಇರುವಷ್ಟು ಕಾಲ ಅಲ್ಲಿ ಬಿಸಿಲು ಹಿಡಿಯುವ ಕನ್ನಡಿಗಳನ್ನು ಹೂಡುವಂತಿಲ್ಲ, ತಂತಿ ಎಳೆಯುವಂತಿಲ್ಲ. ಕಾಯುವ ಊರಿಗೆ ನೀರು ನಿಲ್ಲಿಸುವಂತಿಲ್ಲ. ಹಕ್ಕಿ ಇಲ್ಲವೆಂದಾದರೆ ನೆಲ ಕನ್ನಡಿಯವರಿಗೆ ಹೋಗುತ್ತದೆ, ಊರು ಪಟ್ಟಣದ ಅರವತ್ತಂತಸ್ತಿನ ಗೂಡುಗಳಿಗೆ ಹೋಗುತ್ತದೆ. ನಮ್ಮ ಒಡೆಹಕ್ಕಿ ಎರೆಭೂತ. ಎಳೆಗುರಿಯಷ್ಟು ಎತ್ತರ, ಬಿಳಿಯ ನೀಳ ಕೊರಳು, ತಲೆಯ ಮೇಲೆ ಕರಿಯ ಟೊಪ್ಪಿಗೆ. ನಡೆಯುವುದು ಮಾತ್ರ ಹಿಂದಿನ ಕಾಲದ ಶಾನುಭೋಗರ ಗತ್ತಿನಲ್ಲಿ. ವರುಷಕ್ಕೆ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ.

ಹಕ್ಕಿ ಇದೆಯೆಂದು ತೋರಿಸುವುದು ಹೇಗೆ? ಚಿತ್ರಗಳನ್ನು ನಮ್ಮ ಕಾಲದಲ್ಲಿ ಯಾರೂ ನಂಬುವುದಿಲ್ಲ. ಇಲ್ಲದ್ದರ ಚಿತ್ರವೂ ಇರುವುದರಷ್ಟೇ ಚೆನ್ನಾಗಿ ಬರುತ್ತದೆ. ದುರ್ಬೀನಿನ ಗಾಜು ಬಿಸಿಲಿಗೆ ಮಿನುಗಿ ಹಕ್ಕಿಯನ್ನು ಎಬ್ಬಿಸುವುದರಿಂದ ಅದೂ ನಿಷಿದ್ಧ. ಉಳಿದಿರುವುದು ಕೂತಸಾಕ್ಷಿ ಎಂಬ ಪದ್ಧತಿ. ಬಯಲಲ್ಲಿ ನೂರು ಹೆಜ್ಜೆಗೊಬ್ಬರಂತೆ ಸಾಲಾಗಿ ನಡೆಯುತ್ತೇವೆ. ಹಕ್ಕಿಯನ್ನು ಕಂಡವರು ಕೂಗಬಾರದು, ಬೆರಳು ತೋರಬಾರದು. ಇದ್ದಲ್ಲಿಯೇ ಕೂರಬೇಕು, ಅಷ್ಟೆ. ಕೂತದ್ದೇ ಸಾಕ್ಷಿ. ಮೂವರು ಕೂತರೆ ಹಕ್ಕಿ ಇದೆ.

ಈ ವಿವರವನ್ನೆಲ್ಲ ವರುಷಕ್ಕೊಮ್ಮೆ ಅರ್ಜಿಯ ಮೂಲಕ ಕಚೇರಿಗೆ ತಿಳಿಸುವ ಹೊಣೆ ಹತ್ತೊಂಬತ್ತು ವರುಷಗಳಿಂದ ನನ್ನದು. ನನ್ನ ಮುಂಚಿನವರ ಅರ್ಜಿಯಲ್ಲಿ ಒಂದು ವಾಕ್ಯವಿತ್ತು: ‘ಸದರಿ ಪಕ್ಷಿಯು ಒಂಟಿ ಬನ್ನಿಮರದ ಬಡಗಣಕ್ಕೆ, ಮೂವರು ಸಾಕ್ಷಿಗಳ ಸಮಕ್ಷಮ, ಪ್ರಸಕ್ತ ಸಾಲಿನಲ್ಲಿಯೂ ಕಂಡುಬಂದಿರುತ್ತದೆ.’ ಅದರ ನಡಿಗೆಗೆ ನಾನು ಮನಸೋತಿದ್ದೆ, ಅದನ್ನು ಹಾಗೆಯೇ ಇಳಿಸುತ್ತಿದ್ದೆ. ಮೊದಲ ಹನ್ನೆರಡು ವರುಷ ಅದು ನಿಜವೂ ಆಗಿತ್ತು. ಹದಿಮೂರನೆಯ ವರುಷ ಯಾರೂ ಕೂರಲಿಲ್ಲ. ಮುಂದಿನ ವರುಷ ಕೂತಾರು ಎಂದುಕೊಂಡು ನಕಲು ಮಾಡಿದೆ. ಮುಂದಿನ ವರುಷವೂ ಯಾರೂ ಕೂರಲಿಲ್ಲ. ಆಗ ತಿದ್ದಿದ್ದರೆ ಹಿಂದಿನದೂ ಸುಳ್ಳೆಂದು ಒಪ್ಪಿದಂತಾಗುತ್ತಿತ್ತು. ಹೀಗೆ ಏಳು ವರುಷ ಕಳೆದವು. ಅರ್ಜಿಯಲ್ಲಿ ಏನಿದೆಯೆಂದು ಊರಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ನಡುವೆ ಬನ್ನಿಮರವು ಬಿರುಗಾಳಿಗೆ ಬುಡಮೇಲಾಯಿತು. ಬೊಡ್ಡೆಯನ್ನು ಊರವರೇ ಸೀಳಿ ಒಲೆಗಿಟ್ಟೆವು. ನನ್ನ ವಾಕ್ಯದಲ್ಲಿ ಅದು ನಿಂತೇ ಇತ್ತು.

ಈ ಧೂಳಿಮಾಸದ ಆರಂಭದಲ್ಲಿ ತಪಾಸಣೆಗೆಂದು ವಾರಿಜಾಕ್ಷಿ ಎಂಬ ಅಧಿಕಾರಿಣಿ ಬಂದರು. ಐವತ್ತರ ಹೆಂಗಸು, ಮಾತು ಕಡಿಮೆ, ನಡಿಗೆ ಹೆಚ್ಚು. ನನ್ನ ಹಿಂದಿನ ವರುಷದ ಅರ್ಜಿಯನ್ನು ನನ್ನ ಕೈಗೇ ಕೊಟ್ಟು ಓದಿಸಿದರು. ನಾನು ಗಂಟಲು ಸರಿಪಡಿಸಿಕೊಂಡು, ಎಲ್ಲಿಯೂ ತಡವರಿಸದೆ ಒಪ್ಪಿಸಿದೆ. ಆಮೇಲೆ ಬಯಲಿಗೆ ಕರೆದೊಯ್ದು ಕೇಳಿದರು:

“ಗಾದಿಲಿಂಗಪ್ಪನವರೇ, ಆ ಬನ್ನಿಮರ ಎಲ್ಲಿದೆ, ತೋರಿಸಿ.”

ಊರಿನ ನೀರಿನ ಕೊಳವೆ ಕಾಯುವ ಮಾರೆಪ್ಪ ಪಕ್ಕದಲ್ಲಿದ್ದ. ಅವನೇ ಉತ್ತರ ಕೊಟ್ಟ: “ಮರ ಬಿದ್ದು ಐದು ವರ್ಷಾತ್ರೀ ಅಮ್ಮಾರ. ತಾತನ ಅರ್ಜಿಯೊಳಗ ಇನ್ನೂ ಐತಿ.”

ಆಕೆ ನಗಲಿಲ್ಲ. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಐದು ದಿನ ಗಡುವು ಕೊಟ್ಟರು. ಐದರೊಳಗೆ ಮೂವರು ಕೂರದಿದ್ದರೆ ನೆಲ ಬರಿದೆಂದು ಬರೆಯುವುದಾಗಿ ಹೇಳಿದರು. ಆ ಸಂಜೆ ಕುರಿ ಕಾಯುವ ಹುಲಿಗೆಮ್ಮ ನನ್ನ ಅಂಗಳಕ್ಕೆ ಬಂದು, “ನಮಗ ಒಂದ್ ಮಾತು ಹೇಳಿದ್ರ ಇನ್ನೂ ದೂರ ಹೋಗಿ ಹುಡುಕ್ತಿದ್ವಲ್ಲೋ ತಾತ! ಹಕ್ಕಿ ಮರದ ಹತ್ರಾನ ಇರಬೇಕಂತ ನೀ ಬರದೀ ಅಂತ ಅದೇನ್ ಓದಿಕೊಂಡು ಬರ್ತೈತೇನು?” ಎಂದು ಬೈದಳು. ಊರಲ್ಲಿ ಬೈಯಿಸಿಕೊಂಡು ನನಗೆ ಅಭ್ಯಾಸವಿಲ್ಲ.

ನಾಲ್ಕು ದಿನ ಬರಿ ಮರಳು ಕಂಡೆವು. ಐದನೆಯ ದಿನ ಹುಲಿಗೆಮ್ಮ ಹೇಳಿದಂತೆ ಸಾಲನ್ನು ತೆಂಕಣಕ್ಕೆ, ಹಳೆಯ ಹುಲ್ಲುಪಟ್ಟಿಯ ಕಡೆಗೆ ತಿರುಗಿಸಿದೆವು. ಹೊತ್ತು ಮೂಡಿ ಒಂದು ಗಳಿಗೆಯಾಗಿರಬಹುದು. ಸಾಲಿನ ಆ ತುದಿಯಲ್ಲಿ ಹುಲಿಗೆಮ್ಮ ಕೂತಳು. ಅವಳ ಈಚೆಗೆ ಮಾರೆಪ್ಪ ಕೂತ. ಅವನ ಈಚೆಗೆ ನಾನು.

ಮುಂದಿನ ಬಯಲಿನ ಕಡೆಗೆ ನಾನೂ ನೋಡಿದೆ. ಬಿಸಿಲು ಅಲುಗಾಡುತ್ತಿತ್ತು, ಅದರಾಚೆ ಕಂದು ಬಣ್ಣದ ಮಬ್ಬು. ಕಣ್ಣೊರೆಸಿ ಮತ್ತೆ ನೋಡಿದೆ, ಅದೇ ಮಬ್ಬು. ಮೊಣಕಾಲು ಮಡಚಿದರೆ ಮುಗಿಯಿತು: ಹದಿನಾಲ್ಕು ಮನೆ, ನೀರು, ಹೆಸರು, ಎಲ್ಲ ಉಳಿಯುತ್ತವೆ. ಹಕ್ಕಿ ಅಲ್ಲಿದೆಯೆಂಬುದರಲ್ಲಿ ನನಗೆ ಸಂಶಯವೂ ಇರಲಿಲ್ಲ, ಹುಲಿಗೆಮ್ಮ ಸುಮ್ಮನೆ ಕೂರುವವಳಲ್ಲ. ಆದರೆ ನಾನು ಕಂಡಿರಲಿಲ್ಲ. ಎಂಟನೆಯ ಬಾರಿಗೆ ಕಂಡುಬಂದಿರುತ್ತದೆ ಎನ್ನಲು ನನ್ನ ಕಾಲು ಒಪ್ಪಲಿಲ್ಲ.

ಪದ್ಧತಿ ಮುರಿದು ಹುಲಿಗೆಮ್ಮ ಪಿಸುದನಿಯಲ್ಲಿ ಗದರಿದಳಂತೆ: “ಕುಂದ್ರೋ ತಾತ, ನಿಂತ್ರ ಹಾರ್ತೈತಿ!” ಅಷ್ಟು ದೂರದ ಪಿಸುಮಾತು ನನಗೆ ಕೇಳಿಸಲಿಲ್ಲ. ನಾನು ನಿಂತೇ ಇದ್ದೆ. ಆಗ ನನ್ನ ಎಡಗಡೆ, ಜೊತೆಯಲ್ಲೇ ನಡೆಯುತ್ತಿದ್ದ ಅಧಿಕಾರಿಣಿಯ ಸೀರೆಯ ಸರಸರ ಸದ್ದು. ವಾರಿಜಾಕ್ಷಿಯವರು ನೆರಿಗೆ ಹಿಡಿದುಕೊಂಡು, ಮೆಲ್ಲಗೆ, ಮರಳಿನ ಮೇಲೆ ಕೂತರು.

ಆ ಬಳಿಕ ನಾನೂ ಕೂತೆ. ಸಾಕ್ಷಿಗೆಂದು ಕೂತದ್ದಲ್ಲ, ಮೂವರು ಆಗಲೇ ಕೂತಾಗಿತ್ತು. ಅಳುತ್ತಿದ್ದೆನೆಂದು ಮಾರೆಪ್ಪ ಹೇಳುತ್ತಾನೆ. ಧೂಳಿಮಾಸದಲ್ಲಿ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ.

ಹಕ್ಕಿ ಹುಲ್ಲಿನ ಮರೆಗೆ ನಡೆದುಹೋದ ಮೇಲೆ ವಾರಿಜಾಕ್ಷಿಯವರು ಬಾಯಿಬಿಟ್ಟರು. “ಹೆಣ್ಣು ಹಕ್ಕಿ. ಹಿಂದೆ ಒಂದು ಮರಿ ಇತ್ತು. ಮೂರನೆಯ ಸಾಕ್ಷಿ ಇದೇ ಊರಿನವರಾಗಬೇಕೆಂದು ಕಾಯಿದೆಯಲ್ಲಿಲ್ಲ, ನನ್ನ ಹೆಸರು ಹಾಕಿ.” ಸೀರೆಯ ಮರಳು ಕೊಡವುತ್ತಾ, “ಮೊದಲ ದಿನ ನಿಮ್ಮ ಕೈಗೆ ಕೊಟ್ಟದ್ದು ಬಿಳಿ ಕಾಗದ. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನಿಮ್ಮ ಕಣ್ಣು ಮಂಜಾಗಿದೆಯೆಂದು ನನಗೆ ಅಂದೇ ತಿಳಿಯಿತು. ಇವತ್ತು ನನಗಿಂತ ಮೊದಲು ನೀವು ಕೂತಿದ್ದರೆ ಈ ಊರಿನ ಯಾರ ಸಾಕ್ಷಿಯನ್ನೂ ನಾನು ನಂಬುತ್ತಿರಲಿಲ್ಲ,” ಎಂದರು.

ಹಿಂತಿರುಗುವ ದಾರಿಯುದ್ದಕ್ಕೂ ಹುಲಿಗೆಮ್ಮ ಬಿಡಲಿಲ್ಲ. “ಏಳು ವರ್ಷ ಸುಳ್ಳ ಬರಿಯಾಗ ನಡುಗದ ತಾತ, ಇವತ್ತ್ ನೋಡ್ರವ್ವಾ, ಗಳದಂಗ ನಿಂತಾನ!” ನಾಲ್ಕೂ ಜನ ನಕ್ಕೆವು. ಅಂದು ಊಟದಲ್ಲಿ ಮರಳು ಸಿಕ್ಕಿತೋ ಇಲ್ಲವೋ ನೆನಪಿಲ್ಲ.

ಈಗ ನನ್ನ ಕೋರಿಕೆ. ಮರಿ ಕಂಡ ಆ ಹುಲ್ಲುಪಟ್ಟಿಯ ಎರಡೂ ಪಕ್ಕದಲ್ಲಿ ತಮ್ಮ ಕಾಲದ ವಿದ್ಯುತ್ ಕಂಬಗಳ ಬುಡಗಳು ಇನ್ನೂ ಇವೆ. ನಡುವಿನ ಎರಡು ಹರದಾರಿಯಲ್ಲಿ ಮಾತ್ರ ಕಂಬಗಳಿಲ್ಲ. ಅಲ್ಲಿ ತಂತಿಗಳು ನೆಲದೊಳಗೆ ಹೋಗಿವೆ. ಎರೆಭೂತದ ಕಣ್ಣುಗಳು ಪಕ್ಕಕ್ಕಿವೆ, ಮೈ ಭಾರ. ಹಾರುವಾಗ ಎದುರಿನ ತಂತಿ ಕಂಡರೂ ತಿರುಗಲಾರದು. ಯಾರೋ ಒಬ್ಬರು ಕಚೇರಿಯಿಂದ ಕಚೇರಿಗೆ ಅಲೆದು, ಅರ್ಜಿಯ ಮೇಲೆ ಅರ್ಜಿ ಕೊಟ್ಟು, ಆ ತಂತಿಗಳನ್ನು ಹೂಳಿಸಿರಬೇಕು. ಹೆಸರು ಯಾವ ಕಡತದಲ್ಲೂ ಇಲ್ಲ. ಇದನ್ನು ಓದುತ್ತಿರುವ ತಾವು ಅವರೇ ಆಗಿದ್ದು, ಆ ಕೆಲಸ ಇನ್ನೂ ಆಗಿಲ್ಲದಿದ್ದರೆ, ದಯಮಾಡಿ ಕೈಬಿಡಬೇಡಿ. ಮರಿಯನ್ನು ಮೂವರು ಕಂಡಾಗಿದೆ. ಅರ್ಜಿಯನ್ನು ಯಾರದನ್ನೂ ನೋಡಿ ಬರೆಯಬೇಡಿ. ಹೋಗಿ, ನೋಡಿ, ಕಂಡಷ್ಟನ್ನೇ ಬರೆಯಿರಿ. ಈ ವರುಷದ್ದನ್ನು ನಾನೂ ಹಾಗೆಯೇ ಬರೆಸಿದೆ. ಐದೇ ಸಾಲು, ಒಂದೂ ‘ಸದರಿ’ ಇಲ್ಲ.

ಇಂತಿ ಬಿನ್ನವಿಸಿದವನು,
ಗಾದಿಲಿಂಗಪ್ಪ, ಬನ್ನಿಕಾವಲು.
ಹೇಳಿದ್ದು ನಾನು, ಬರೆದುಕೊಂಡವಳು ಹುಲಿಗೆಮ್ಮ.
ಅವಳು ಹಕ್ಕಿಯನ್ನು ಕಂಡಿದ್ದಾಳೆ. ನಾನು ಕಂಡಿಲ್ಲ.