ಉಜ್ಜದೆ ಉಳಿದ ಕಂಬಗಳು

ಮುಚ್ಚಿದ ಬಂದರಿನ ನಲವತ್ತನೇ ವರ್ಷ, ಎರಡನೇ ಸುಗ್ಗಿಯ ಮೂವತ್ತಾರನೇ ದಿನ
ತೇಲುಬೀದಿ, ಮಂಗಳೂರು

ಹಳೆ ಬಂದರಿನ ದಕ್ಕೆಯಲ್ಲಿ ಈಗ ನಿಂತಿರುವವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ಬೇಸಿಗೆ ಉದ್ದವಾದ ಮೇಲೆ ನಾವು ಸುಗ್ಗಿ ತಿಂಗಳನ್ನು ಎರಡು ಮಾಡಿಕೊಂಡೆವು. ಎರಡನೆಯದಕ್ಕೆ ನಲವತ್ತು ದಿನ. ನನ್ನ ಕನ್ನಡವೂ ವಿಚಿತ್ರವೆನಿಸಬಹುದು. ಅದನ್ನು ನಿಮ್ಮ ಕಾಲದ ಪುಸ್ತಕಗಳಿಂದ ಕಲಿತಿದ್ದೇನೆ. ತಪ್ಪಿದ್ದಲ್ಲಿ ಕ್ಷಮಿಸಿ ಮುಂದೆ ಓದಿ.

ನನ್ನ ಹೆಸರು ಶಶಿರೇಖಾ ಕಾಂಚನ್. ನಾನು ನೀರೆಣಿಕೆಯವಳು. ಹಾಗೆಂದರೆ, ವರ್ಷಕ್ಕೊಮ್ಮೆ ಬಂದರಿಗೆ ಇಳಿದು, ಅಲ್ಲಿ ಜೀವವಿದೆಯೇ ಎಂದು ನೋಡಿ ಬರೆದುಕೊಡುವವಳು. ನಲವತ್ತು ವರ್ಷದ ಹಿಂದೆ ಇಲ್ಲಿನ ನೀರು ಸತ್ತಾಗ ಬಂದರನ್ನು ಮುಚ್ಚಿದರು. ದೋಣಿ ನಿಂತಿತು, ಚರಂಡಿಗಳು ಬೇರೆ ಕಡೆ ತಿರುಗಿದವು. ನೀರಿನ ನಡುವೆ ಹದಿನೇಳು ಸಾಕ್ಷಿಕಂಬಗಳನ್ನು ನೆಟ್ಟರು. ನಲವತ್ತನೇ ಎಣಿಕೆಯೊಳಗೆ ಒಂದೇ ಒಂದು ಕಂಬಕ್ಕಾದರೂ ಪಾಚಿಯಲ್ಲದ ಜೀವ ಹತ್ತಿದರೆ ಬಂದರು ಉಳಿಯುತ್ತದೆ, ಇಲ್ಲವಾದರೆ ಮಣ್ಣು ತುಂಬಿಸಿ ಮನೆ ಕಟ್ಟುವುದು ಎಂದು ಒಪ್ಪಂದವಾಯಿತು. ಈ ವರ್ಷದ್ದು ನಲವತ್ತನೆಯದು.

ನಾವು ಮುನ್ನೂರು ಮನೆಗಳವರು ನೀರ ಮೇಲೆಯೇ ಇದ್ದೇವೆ. ಪೀಪಾಯಿಗಳ ಮೇಲೆ ಹಲಗೆ, ಹಲಗೆಯ ಮೇಲೆ ಮನೆ; ಅದೇ ತೇಲುಬೀದಿ. ಉಬ್ಬರ ಬಂದಾಗ ಬೀದಿ ಏಳುತ್ತದೆ, ಒಲೆಯ ಮೇಲಿನ ಗಂಜಿ ಒಂದು ಬದಿಗೆ ವಾಲುತ್ತದೆ. ನಮ್ಮ ಮಕ್ಕಳು ಗಟ್ಟಿ ನೆಲದಲ್ಲಿ ನಡೆದರೆ ಮುಗ್ಗರಿಸುತ್ತಾರೆ. ಪೀಪಾಯಿಗಳಿಗೆ ಏನೂ ಅಂಟದಂಥ ಬಣ್ಣ ಬಳಿದಿದೆ, ದೋಣಿ ಕಟ್ಟುತ್ತಿದ್ದ ಹಳೆಯ ದಕ್ಕೆಯ ಗೋಡೆ ಹೂಳಿನಡಿ ಹೋಗಿದೆ. ಹಾಗಾಗಿ ಬದುಕಿದ್ದೇನೆಂದು ಹೇಳಲು ಯಾವ ಜೀವಿಗಾದರೂ ಜಾಗವಿದ್ದರೆ ಅದು ಆ ಹದಿನೇಳು ಕಂಬಗಳಲ್ಲಿ ಮಾತ್ರ. ಬಂದರನ್ನು ತುಂಬಿಸಿದ್ದರೆ ನಮ್ಮ ಬೀದಿಯನ್ನು ಬಿಚ್ಚಿ, ಗುಡ್ಡದಾಚೆಗೆ ಒಂದೊಂದು ಮನೆಯನ್ನು ಒಂದೊಂದು ಕಡೆಗೆ ಹಂಚಿಬಿಡುತ್ತಿದ್ದರು. ಯಾರು ಎಲ್ಲಿಗೆ ಎಂಬ ಪಟ್ಟಿ ಕೂಡ ತಯಾರಾಗಿತ್ತು.

ನಾನು ಹದಿಮೂರು ವರ್ಷ ಸೊನ್ನೆ ಬರೆದವಳು. ಪ್ರತಿ ಸಲವೂ ಕಂಬಗಳು ಫಳಫಳ ಹೊಳೆಯುತ್ತಿದ್ದವು.

ಈ ಸಲ ಬೆಳಗಿನ ಇಳಿತಕ್ಕೆ ಹೋದೆ. ಸಂಗಡ ಬಂದರು ತುಂಬುವ ಮಂಡಳಿಯ ಲಾದ್ರು ಸಿಕ್ವೇರ ಇದ್ದರು. ಕೆಟ್ಟ ಮನುಷ್ಯರಲ್ಲ, ಅವರಿಗೆ ಮನೆಯಿಲ್ಲದ ಒಂಬತ್ತು ಸಾವಿರ ಜನರ ಚಿಂತೆ. ಕಂಬ ಕಾಯುವ ಬೀಪಾತುಮ್ಮ ದೋಣಿಯ ತುದಿಯಲ್ಲಿ ಮುಖ ತಿರುಗಿಸಿ ಕೂತಿದ್ದರು. ಎಪ್ಪತ್ತರ ಹೆಂಗಸು. ಕಂಬಗಳ ಹತ್ತಿರ ಹೋಗಲು ವರ್ಷವಿಡೀ ಅನುಮತಿ ಇರುವುದು ಅವರೊಬ್ಬರಿಗೇ.

ಮೊದಲನೇ ಕಂಬ ಕಂಡಾಗ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕಂಬ ಕಪ್ಪಗೆ, ಒರಟಾಗಿತ್ತು.

“ಬೈಬೇಡಿ ಮಾರಾಯ್ರೇ. ಮೊಣಕಾಲು ಹಿಡ್ಕೊಂಡು ಐದು ತಿಂಗಳಾಯ್ತು. ಹೇಳಿದ್ರೆ ಕೆಲಸ ಬೇರೆಯವರಿಗೆ ಕೊಡ್ತೀರಿ ಅಂತ ಸುಮ್ಮನಿದ್ದೆ. ಒಂದು ಕಂಬ ಕೂಡ ಉಜ್ಜಲಿಕ್ಕೆ ಆಗ್ಲಿಲ್ಲ.”

“ಉಜ್ಜುವುದಾ? ಎಂತ ಉಜ್ಜುವುದು?” ಎಂದೆ.

“ಪ್ರತಿ ಅಮಾಸೆಗೆ ಉಜ್ತೇನಲ್ಲ! ತೆಂಗಿನ ನಾರಿನ ಕತ್ತ ಹಾಕಿ, ಹೋಗದಿದ್ರೆ ಕತ್ತಿಯಲ್ಲಿ ಕೆರೆದು. ನೋಡ್ಲಿಕ್ಕೆ ದೊಡ್ಡವರು ಬರುವಾಗ ಅಂಗಳ ಗುಡಿಸದೆ ಬಿಡ್ತಾರಾ? ಮೊದಲು ಬರೀ ಪಾಚಿ. ಈಗ ಏಳೆಂಟು ವರ್ಷದಿಂದ ಎಂತದೋ ಗಟ್ಟಿ ಕೊಳೆ, ಹೊಟ್ಟಿನ ಹಾಗೆ. ಉಗುರೆಲ್ಲ ಹೋಯ್ತು.”

ನಾನು ಬಗ್ಗಿ ಆ ಕೊಳೆಯನ್ನು ಮುಟ್ಟಿದೆ. ಹೆಬ್ಬೆರಳಿನಷ್ಟುದ್ದ, ಅಂಚಿನಲ್ಲಿ ಹಸಿರು, ಒಂದಕ್ಕೊಂದು ಅಂಟಿಕೊಂಡ ಸಾಲು. ನನ್ನ ಬೆರಳು ತಾಗಿದೊಡನೆ ತೆರೆದಿದ್ದ ಒಂದು ಬಾಯಿ ಮುಚ್ಚಿಕೊಂಡಿತು. ಮುತ್ತಜ್ಜಿಯ ಅಡುಗೆ ಪುಸ್ತಕದಲ್ಲಿ ಇದರ ಚಿತ್ರವಿದೆ: ಬಟ್ಟಲಲ್ಲಿ, ಬಾಯಿ ಬಿಟ್ಟುಕೊಂಡು, ತೆಂಗಿನ ತುರಿಯ ನಡುವೆ. ಪಚ್ಚಿಲೆ ಎಂಬ ಹಸಿರಂಚಿನ ಚಿಪ್ಪಿ. ಜೀವಂತ ಪಚ್ಚಿಲೆಯನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಅದರ ಮರಿ ಹೊಟ್ಟಿನ ಹಾಗಿರುತ್ತದೆಂದು ಬೀಪಾತುಮ್ಮನಿಗೆ ಯಾರು ಹೇಳಬೇಕಿತ್ತು? ನಾನು ಹೇಳಬೇಕಿತ್ತು. ಉಪ್ಪುನೀರಲ್ಲಿ ನಿಂತ ಮರ ಅಷ್ಟು ಹೊಳೆಯುವುದೇಕೆ ಎಂದು ಹದಿಮೂರು ವರ್ಷದಲ್ಲಿ ಒಮ್ಮೆಯೂ ನಾನು ಕೇಳಲಿಲ್ಲ. ವರದಿಯಲ್ಲಿ ಇದನ್ನೂ ಬರೆದಿದ್ದೇನೆ.

ವಿಷಯ ತಿಳಿದಾಗ ಬೀಪಾತುಮ್ಮ ತಮ್ಮ ಸವೆದ ಉಗುರುಗಳನ್ನು ನೋಡಿಕೊಂಡರು. ಆಮೇಲೆ, “ಅಷ್ಟೂ ವರ್ಷ ನಾನೇ ಕೊಂದದ್ದಾ?” ಎಂದರು.

ಉತ್ತರ ಕೊಟ್ಟದ್ದು ಸಿಕ್ವೇರ. “ನೀವು ಕೊಂದ್ರೂ ಬಿಡದೆ ಬಂದವು ನೋಡಿ ಬೀಪಾತುಮ್ಮ. ಭಾರೀ ಹಟದವು. ನಿಮ್ಮ ಹಾಗೇ.” ಅವರು ಟೋಪಿ ತೆಗೆದು ಬೆವರೊರೆಸಿಕೊಂಡರು. “ನನ್ನ ಒಂಬತ್ತು ಸಾವಿರ ಜನರಿಗೆ ಇನ್ನು ಬೇರೆ ಜಾಗ ಹುಡುಕ್ಬೇಕು. ಇರಲಿ. ಬರೀರಿ ಶಶಿರೇಖಾ ಬಾಯಿ, ಬರೀರಿ, ಇಳಿತ ಮುಗೀತಾ ಬಂತು.”

ಹದಿನೇಳರಲ್ಲಿ ಹದಿನಾಲ್ಕು ಕಂಬಗಳಲ್ಲಿ ಪಚ್ಚಿಲೆ ಇದೆ. ಐದರಲ್ಲಿ ಮುರು ಎಂಬ ಒರಟು ಸಿಂಪಿಯೂ ಇದೆ. ಅದರ ಚಿಪ್ಪು ಕೈಗೆ ತಾಗಿ ರಕ್ತ ಬಂತು, ಎಲ್ಲರಿಗೂ ತೋರಿಸುತ್ತಿದ್ದೇನೆ. ಮಂಡಳಿ ನಿನ್ನೆ ಸಹಿ ಹಾಕಿತು. ಬಂದರು ಬಂದರಾಗಿಯೇ ಉಳಿಯುತ್ತದೆ, ಬೀದಿ ಬೀದಿಯಾಗಿ. ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದೆ. ಯಾವಾಗ ಹಾಗೆ ಮಲಗಿದ್ದೆನೋ ನೆನಪಿಲ್ಲ.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ನೀವು ನಮಗೆ ಬೇಯಿಸಿದ ಚಿತ್ರಗಳನ್ನು ಮಾತ್ರ ಬಿಟ್ಟುಹೋಗಿದ್ದೀರಿ. ಸಾರಿನಲ್ಲಿ ಪ್ರತಿಯೊಂದೂ ಹೇಗೆ ಕಾಣುತ್ತದೆಂದು ಗೊತ್ತು, ನೀರಿನಲ್ಲಿ ಹೇಗೆ ಕಾಣುತ್ತದೆಂದು ಗೊತ್ತಿಲ್ಲ. ದಯವಿಟ್ಟು ಒಂದು ಬೆಳಿಗ್ಗೆ ಇಳಿತದ ಹೊತ್ತಿಗೆ ದಕ್ಕೆಗೆ ಹೋಗಿ. ಕಲ್ಲಿಗೆ, ಹಗ್ಗಕ್ಕೆ, ದೋಣಿಯ ತಳಕ್ಕೆ ಏನೇನು ಹತ್ತಿದೆಯೋ ನೋಡಿ, ಮರಿಯಾಗಿದ್ದಾಗ ಹೇಗಿದೆ, ಬಣ್ಣವೇನು, ನೀವು ಅದನ್ನು ಏನೆಂದು ಕರೆಯುತ್ತೀರಿ ಎಂದು ಬರೆದಿಡಿ. ಕೊಳೆಯೆನಿಸಿದ್ದನ್ನೂ ಬಿಡದೆ ಬರೆಯಿರಿ. ನನ್ನ ಪತ್ರ ನಿಮಗೆ ತಲುಪುವುದೋ ಇಲ್ಲವೋ ತಿಳಿಯದು. ನೀವು ಬರೆದದ್ದಂತೂ ನಮಗೆ ತಲುಪುತ್ತದೆ.

ತುರ್ತಿದೆ. ಒಂಬತ್ತನೇ ಕಂಬದ ಬುಡದಲ್ಲಿ, ಬೆರಳುದ್ದದ ಬಿಳಿ ಕೊಳವೆಯೊಂದರ ತುದಿಯಲ್ಲಿ, ಕಿತ್ತಳೆ ಬಣ್ಣದ ಬೀಸಣಿಗೆಯಂಥದ್ದು ಬಿಚ್ಚಿಕೊಳ್ಳುತ್ತದೆ. ನೆರಳು ಬಿದ್ದರೆ ಸಾಕು, ಒಳಗೆ ಸೇರಿಬಿಡುತ್ತದೆ. ಹೂವೋ ಹುಳವೋ ಯಾರಿಗೂ ಗೊತ್ತಿಲ್ಲ, ಯಾವ ಅಡುಗೆ ಪುಸ್ತಕದಲ್ಲೂ ಇಲ್ಲ. ಬೀಪಾತುಮ್ಮ ಅದರ ಮುಂದೆ ದೋಣಿ ಕಟ್ಟಿ ಕೂತಿದ್ದಾರೆ, ನೋಡಲು ಬಂದವರನ್ನೆಲ್ಲ ಅದರ ಮೇಲೆ ನೆರಳು ಬೀಳದ ಬದಿಗೆ ಹೋಗಿ ನಿಲ್ಲುವಂತೆ ಗದರಿಸುತ್ತಿದ್ದಾರೆ.